ನೋವು, ನಿದ್ದೆ ಮತ್ತು ಡಬ್ಬಿಯ ಗುಳಿಗೆ



‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಗಾದೆ ಸುಳ್ಳಲ್ಲ. ಆದರೆ ಅದನ್ನು ಕಟ್ಟಿದವರು ಒಂದು ಮಾತನ್ನು ಬಿಟ್ಟಿದ್ದಾರೆ. ಚಿಂತೆ ಇಲ್ಲದಿದ್ದರೂ ಟೊಂಕ ಹಿಡಿದಿದ್ದರೆ, ಮೊಣಕಾಲು ಸೆಳೆಯುತ್ತಿದ್ದರೆ, ಸಂತೆ ಹಾಗಿರಲಿ, ಮನೆಯ ಹಾಸಿಗೆಯಲ್ಲೂ ನಿದ್ದೆ ಹತ್ತುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ‘ರಾತ್ರಿಯೆಲ್ಲಾ ಕಣ್ಣಿಗೆ ಕಣ್ಣು ಹತ್ತಲಿಲ್ಲ’ ಎಂದು ಹಿರಿಯರು ಹೇಳುವುದು ನಿಮಗೆ ಹೊಸ ಮಾತೇನಲ್ಲ.

ನಮ್ಮ ಮಾತುಕತೆಯ ಕಾರ್ಯಕ್ರಮದಲ್ಲಿ ನಿದ್ದೆಯ ವಿಷಯ ಬಂದಾಗಲೆಲ್ಲ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: ‘ಅಂಗಡಿಯಲ್ಲಿ, ಮೊಬೈಲಿನಲ್ಲಿ ನಿದ್ದೆಗೆಂದು ಮಾರುವ ಗುಳಿಗೆಗಳನ್ನು ನಮ್ಮ ಅಜ್ಜಿಗೆ ತಂದುಕೊಡಬಹುದೇ?’ ಕೇಳುವವರ ಮನಸ್ಸಿನಲ್ಲಿರುವುದು ಪ್ರೀತಿ. ಆದುದರಿಂದ ಉತ್ತರವನ್ನೂ ಕಾಳಜಿಯಿಂದಲೇ ಕೊಡಬೇಕು. ಈ ಲೇಖನದಲ್ಲಿ ಅದನ್ನೇ ಹಂತ ಹಂತವಾಗಿ ನೋಡೋಣ.

ನಮ್ಮ ಮನೆಯಲ್ಲಿ ನಡೆದದ್ದು

ನಾನು ವಿಜ್ಞಾನದ ಪದವೀಧರ. ಆದರೂ ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರಲ್ಲಿ ನಾನೂ ಒಬ್ಬ. ನಮ್ಮ ಅವ್ವ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿದ್ದಾಳೆ. ವಯಸ್ಸು ಎಪ್ಪತ್ತರ ಹತ್ತಿರ. 2022ರ ಬೇಸಿಗೆಯಲ್ಲಿ ಊರಿಗೆ ಹೋದಾಗ, ‘ಮೊಣಕಾಲು ಜಗ್ಗತಾವು, ನಿದ್ದಿ ಬರವಲ್ದಪ್ಪಾ’ ಎಂದಳು. ನಾನು ಮೆಲಟೋನಿನ್ ಎಂಬ ಗುಳಿಗೆಯ ಡಬ್ಬಿಯನ್ನು ತರಿಸಿಕೊಟ್ಟೆ. ಡಬ್ಬಿಯ ಮೇಲೆ ‘ನೈಸರ್ಗಿಕ’ ಎಂಬ ಅರ್ಥದ ಮಾತು ದೊಡ್ಡ ಅಕ್ಷರದಲ್ಲಿತ್ತು. ನಾನು ಓದಿದ್ದು ಅಷ್ಟನ್ನೇ. ಅವಳು ಬೇರೆ ಏನೇನು ನುಂಗುತ್ತಿದ್ದಾಳೆ ಎಂದು ಕೇಳಲಿಲ್ಲ.

ಮೂರನೆಯ ವಾರ ನಸುಕಿನಲ್ಲಿ ಬಚ್ಚಲಿಗೆ ಹೋಗಲು ಎದ್ದವಳು ಹೊಸ್ತಿಲ ಬಳಿ ಬಿದ್ದಳು. ಮುಂಗೈ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ವೈದ್ಯರು, ‘ಮನೆಯಲ್ಲಿ ಇರುವ ಗುಳಿಗೆ, ಪುಡಿ, ಎಣ್ಣೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ’ ಎಂದರು. ಚೀಲದಲ್ಲಿ ಏನಿತ್ತು ಗೊತ್ತೇ? ರಕ್ತದೊತ್ತಡದ ಗುಳಿಗೆ, ನೋವಿನ ಗುಳಿಗೆ, ಯಾವುದೋ ಹಳೆಯ ಚೀಟಿ ತೋರಿಸಿ ತಂದ ಅಲ್ಪ್ರಜೋಲಾಮ್ ಎಂಬ ನಿದ್ದೆ ಮಾತ್ರೆ, ಕೀಲುನೋವಿಗೆಂದು ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಕೊನೆಗೆ ನನ್ನ ಡಬ್ಬಿ. ಬಿದ್ದದ್ದು ಇವುಗಳಲ್ಲಿ ಯಾವುದರಿಂದ ಎಂದು ಯಾರೂ ಹೇಳಲಾರರು. ಆದರೆ ವೈದ್ಯರು ಹೇಳಿದ ಮಾತು ನನ್ನ ಕಿವಿಯಲ್ಲಿ ಉಳಿದಿದೆ: ‘ಇವೆಲ್ಲ ಒಂದೇ ಹೊಟ್ಟೆಗೆ ಹೋಗುತ್ತಿವೆ ಎಂಬುದು ನಿಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.’

ನಿದ್ದೆ ಬರುವುದು ಹೇಗೆ?

ನಿದ್ದೆಯನ್ನು ಎರಡು ವ್ಯವಸ್ಥೆಗಳು ಸೇರಿ ನಡೆಸುತ್ತವೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಈ ವಿವರಣೆಯನ್ನು ಮಂಡಿಸಿದರು.

ಮೊದಲನೆಯದು ನಿದ್ದೆಯ ಒತ್ತಡ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಹನಿ ಹನಿ ಬಿದ್ದು ಕೊಡ ತುಂಬುವಂತೆ ಇದು ತುಂಬುತ್ತದೆ. ಕೊಡ ತುಂಬಿದಷ್ಟೂ ಕಣ್ಣು ಎಳೆಯುತ್ತದೆ. ಮಲಗಿದಾಗ ಕೊಡ ಬರಿದಾಗುತ್ತದೆ. ಮಧ್ಯಾಹ್ನ ಎರಡು ಗಂಟೆ ಮಲಗಿದವರಿಗೆ ರಾತ್ರಿ ಬೇಗ ನಿದ್ದೆ ಬಾರದಿರುವುದು ಇದೇ ಕಾರಣಕ್ಕೆ. ಚಹಾ, ಕಾಫಿಯಲ್ಲಿರುವ ಕೆಫೀನ್ ಅಡಿನೊಸಿನ್ನಿನ ಜಾಗದಲ್ಲಿ ಹೋಗಿ ಕುಳಿತು, ಕೊಡ ತುಂಬಿರುವ ಸುದ್ದಿ ಮಿದುಳಿಗೆ ಮುಟ್ಟದಂತೆ ಮಾಡುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿ ಉಳಿದಿರುತ್ತದೆ.

ಎರಡನೆಯದು ದೇಹದ ಗಡಿಯಾರ. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ಮಿದುಳಿನ ಬುಡದಲ್ಲಿರುವ ಒಂದು ಚಿಕ್ಕ ನರಕೇಂದ್ರಕ್ಕೆ ಹೋಗುತ್ತದೆ. ಅದೇ ನಮ್ಮ ಮುಖ್ಯ ಗಡಿಯಾರ. ಇಂಥ ಗಡಿಯಾರವನ್ನು ಜೀವಕೋಶಗಳೊಳಗೆ ನಡೆಸುವ ಜೀನುಗಳನ್ನು ಕಂಡುಹಿಡಿದದ್ದಕ್ಕಾಗಿ ಜೆಫ್ರಿ ಹಾಲ್, ಮೈಕೇಲ್ ರೋಸ್‌ಬ್ಯಾಷ್ ಮತ್ತು ಮೈಕೇಲ್ ಯಂಗ್ ಅವರಿಗೆ 2017ರ ನೊಬೆಲ್ ಬಹುಮಾನ ದೊರೆಯಿತು. ಕತ್ತಲಾದಾಗ ಈ ಕೇಂದ್ರದ ಅಪ್ಪಣೆಯಂತೆ ಪೀನಿಯಲ್ ಎಂಬ ಪುಟ್ಟ ಗ್ರಂಥಿಯು ಮೆಲಟೋನಿನ್ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅಮೆರಿಕದ ಚರ್ಮವೈದ್ಯ ಏರನ್ ಲರ್ನರ್ ಇದನ್ನು 1958ರಲ್ಲಿ ದನಗಳ ಪೀನಿಯಲ್ ಗ್ರಂಥಿಯಿಂದ ಬೇರ್ಪಡಿಸಿದರು.

ಮೆಲಟೋನಿನ್ನಿನ ಕೆಲಸವನ್ನು ಸರಿಯಾಗಿ ತಿಳಿಯಬೇಕು. ಅದು ಮಂಪರು ಕವಿಸಿ ಮಲಗಿಸುವ ಮದ್ದಲ್ಲ. ಹಿಂದೆ ಊರಲ್ಲಿ ಡಂಗುರ ಸಾರುತ್ತಿದ್ದರಲ್ಲ, ಹಾಗೆ ಅದು ‘ರಾತ್ರಿಯಾಯಿತು, ರಾತ್ರಿಯಾಯಿತು’ ಎಂದು ದೇಹಕ್ಕೆಲ್ಲ ಸಾರುತ್ತದೆ. ಡಂಗುರದವನು ಸುದ್ದಿ ಮುಟ್ಟಿಸಬಲ್ಲ. ಮನೆ ಮನೆಗೆ ಹೋಗಿ ಯಾರನ್ನೂ ಮಲಗಿಸಲಾರ. ಮನೆಯೊಳಗೆ ನೋವು ಕೂಗಾಡುತ್ತಿದ್ದರೆ ಡಂಗುರ ಇನ್ನಷ್ಟು ಜೋರಾದರೂ ಪ್ರಯೋಜನ ಕಡಿಮೆ.

ನೋವು ರಾತ್ರಿ ಏಕೆ ಹೆಚ್ಚು?

ಕೀಲಿನಲ್ಲಿ ಹುಟ್ಟಿದ ನೋವಿನ ಸಂಕೇತ ನರತಂತುಗಳ ಮೂಲಕ ಮೊದಲು ಬೆನ್ನುಹುರಿಗೆ ಬರುತ್ತದೆ, ಅಲ್ಲಿಂದ ಮಿದುಳಿಗೆ ಏರುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ಒಂದು ಬಗೆಯ ಬಾಗಿಲು ಇದೆ ಎಂಬ ಸಿದ್ಧಾಂತವನ್ನು ಮುಂದಿಟ್ಟರು. ಗಂಗಾವತಿ ಕಡೆಯ ವಿದ್ಯಾರ್ಥಿಗಳಿಗೆ ಇದನ್ನು ಕಾಲುವೆಯ ತೂಬಿಗೆ ಹೋಲಿಸಿ ಹೇಳಬಹುದು. ತೂಬು ಎಷ್ಟು ತೆರೆದಿದೆಯೋ ಅಷ್ಟು ನೀರು ಹೊಲಕ್ಕೆ. ಈ ತೂಬನ್ನು ಎಷ್ಟು ತೆರೆಯಬೇಕು ಎಂಬುದರಲ್ಲಿ ಮಿದುಳಿನ ಕೈಯೂ ಇದೆ. ಹಗಲಲ್ಲಿ ಕೆಲಸ, ಮಾತು, ನಡಿಗೆ ಇರುವಾಗ ತೂಬು ಸ್ವಲ್ಪ ಮುಚ್ಚಿರುತ್ತದೆ. ರಾತ್ರಿ ಎಲ್ಲವೂ ಶಾಂತವಾದಾಗ ಮಿದುಳಿನ ಗಮನಕ್ಕೆ ನೋವೊಂದೇ ಉಳಿಯುತ್ತದೆ. ಒಂದೇ ಮಗ್ಗುಲಲ್ಲಿ ಮಲಗಿ ಕೀಲು ಬಿಗಿಯುವುದೂ ಇದಕ್ಕೆ ಸೇರುತ್ತದೆ.

ನೋವು ನಿದ್ದೆ ಕೆಡಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕೆಟ್ಟ ನಿದ್ದೆಯೂ ನೋವನ್ನು ಹೆಚ್ಚಿಸುತ್ತದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರೋಗ್ಯವಂತ ಯುವಜನರನ್ನು ಒಂದು ರಾತ್ರಿ ಎಚ್ಚರವಿರಿಸಿ ಮರುದಿನ ಅವರ ಕಾಲಿಗೆ ಬಿಸಿ ಮುಟ್ಟಿಸಿ ನೋಡಿದರು. ಚೆನ್ನಾಗಿ ಮಲಗಿದ ದಿನಕ್ಕಿಂತ ಕಡಿಮೆ ಬಿಸಿಗೇ ಅವರಿಗೆ ನೋವಾಯಿತು. ಮಿದುಳಿನಲ್ಲಿ ನೋವನ್ನು ಗುರುತಿಸುವ ಭಾಗ ಹೆಚ್ಚು ಚುರುಕಾಗಿತ್ತು. ನೋವನ್ನು ತಗ್ಗಿಸುವ ಭಾಗಗಳು ಮಂಕಾಗಿದ್ದವು. ಅಂದರೆ ನಿದ್ದೆಗೆಟ್ಟ ಮಿದುಳು ತೂಬನ್ನು ಮುಚ್ಚಲಾರದೆ ಹೋಗುತ್ತದೆ.

ಹೀಗೆ ನೋವಿನಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟು ನೋವು ಹೆಚ್ಚುತ್ತದೆ. ಗಾಣದ ಎತ್ತಿನ ಹಾಗೆ ಸುತ್ತುವ ಈ ಚಕ್ರವನ್ನು ಎಲ್ಲಾದರೂ ಒಂದು ಕಡೆ ತಡೆಯಬೇಕು. ಎಲ್ಲಿ ತಡೆಯಬೇಕು ಎಂಬುದಕ್ಕೆ ಮೊದಲು ನೋವು ಎಲ್ಲಿಂದ ಬಂತು ಎಂದು ಕೇಳಬೇಕು.

ನಮ್ಮ ನಾಲ್ಕು ತಾಲ್ಲೂಕುಗಳ ನೋವು

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿದ್ದವು ಈ ನಾಲ್ಕು ತಾಲ್ಲೂಕುಗಳು. ನಾಲ್ಕರಲ್ಲೂ ದುಡಿಮೆ ಬೇರೆ ಬೇರೆ; ನೋವೂ ಬೇರೆ ಬೇರೆ.

ಗಂಗಾವತಿ ಕಡೆ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರಿದೆ, ಭತ್ತದ ಗದ್ದೆಗಳಿವೆ. ನಾಟಿಯ ದಿನಗಳಲ್ಲಿ ಹೆಣ್ಣುಮಕ್ಕಳು ಕೆಸರಿನಲ್ಲಿ ಬಗ್ಗಿಯೇ ಹಗಲು ಕಳೆಯುತ್ತಾರೆ. ಅವರ ನೋವು ಹೆಚ್ಚಾಗಿ ಟೊಂಕದ್ದು. ಕೊಪ್ಪಳದ ಹತ್ತಿರ ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಯ ದುಡಿಮೆ ಇದೆ. ಅಲ್ಲಿ ದೇಹದ ಗಡಿಯಾರವೇ ತಲೆಕೆಳಗಾಗುತ್ತದೆ. ಕುಷ್ಟಗಿ, ಯಲಬುರ್ಗಾ ಮಳೆಯನ್ನು ನಂಬಿದ ಸೀಮೆ. ಗುಳೆ ಹೋಗಿ ಮಂಗಳೂರು, ಗೋವಾ, ಬೆಂಗಳೂರುಗಳಲ್ಲಿ ಕಲ್ಲು, ಸಿಮೆಂಟು ಹೊತ್ತು ಬಂದವರ ಬೆನ್ನು, ಮೊಣಕಾಲುಗಳು ಬೇಗ ಸವೆಯುತ್ತವೆ.

ಇವುಗಳ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಕಾರಣವಿದೆ: ನೀರಿನಲ್ಲಿರುವ ಫ್ಲೋರೈಡ್. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿಗಳಲ್ಲಿ ಇದು ಮಿತಿ ಮೀರಿದೆ. ಇಲ್ಲಿನ ನೆಲದಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಆಳದಲ್ಲಿ ಬಹುಕಾಲ ನಿಂತಷ್ಟೂ ಅದು ಕರಗಿ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪುವಂಥದ್ದು. ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂ ಕೊನೆಯ ಮಿತಿ. ವರ್ಷಗಟ್ಟಲೆ ಇದಕ್ಕಿಂತ ಬಹಳ ಹೆಚ್ಚು ಕುಡಿದರೆ ಫ್ಲೋರೈಡ್ ಎಲುಬಿನಲ್ಲಿ ಸೇರುತ್ತದೆ. ಕೀಲು, ಬೆನ್ನು ಬಿಗಿಯುತ್ತವೆ. ಇದೇ ಎಲುಬಿನ ಫ್ಲೋರೋಸಿಸ್. ಭಾರತದಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ, ಎಚ್. ಇ. ಶಾರ್ಟ್ ಮತ್ತು ಸಂಗಡಿಗರು. ಚಿಕ್ಕ ವಯಸ್ಸಿನಲ್ಲಿ ಇಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಬೀಳುವುದನ್ನು ನೀವು ನೋಡಿರಬಹುದು.

ಇಲ್ಲಿ ಎರಡು ಮಾತು ನೆನಪಿಡಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆ. ಚಹಾದ ಸೊಪ್ಪು ಕೂಡ ಫ್ಲೋರೈಡನ್ನು ಹೀರಿಟ್ಟುಕೊಳ್ಳುವ ಗಿಡದ್ದು. ಅಂಥ ನೀರಿನಲ್ಲಿ ಕುದಿಸಿದ ಚಹಾವನ್ನು ದಿನಕ್ಕೆ ಏಳೆಂಟು ಸಲ ಕುಡಿಯುವ ಅಜ್ಜಿಗೆ ಫ್ಲೋರೈಡೂ ಹೆಚ್ಚು, ಕೆಫೀನೂ ಹೆಚ್ಚು. ಇಂಥವರ ಕೈಗೆ ನಿದ್ದೆಯ ಡಬ್ಬಿ ಕೊಟ್ಟರೆ ಒಂದು ಕಡೆ ತೂತು ಬಿಟ್ಟು ಇನ್ನೊಂದು ಕಡೆ ನೀರು ತುಂಬಿದಂತೆ.

ಡಬ್ಬಿಯ ಗುಳಿಗೆ ಎಷ್ಟು ಕೆಲಸ ಮಾಡುತ್ತದೆ?

ಈಗ ಲೆಕ್ಕ ನೋಡೋಣ. 2013ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು ಮೆಲಟೋನಿನ್ ಕುರಿತ 19 ಪ್ರಯೋಗಗಳನ್ನು, ಅಂದರೆ 1,683 ಜನರ ಫಲಿತಾಂಶವನ್ನು, ಒಟ್ಟಿಗೆ ಇಟ್ಟು ನೋಡಿತು. ಹುಸಿ ಗುಳಿಗೆ ನುಂಗಿದವರಿಗಿಂತ ಮೆಲಟೋನಿನ್ ನುಂಗಿದವರಿಗೆ ನಿದ್ದೆ ಸುಮಾರು 7 ನಿಮಿಷ ಬೇಗ ಬಂತು. ಒಟ್ಟು ನಿದ್ದೆ ಸುಮಾರು 8 ನಿಮಿಷ ಹೆಚ್ಚಿತು. ರಾತ್ರಿ ಪಾಳಿ ಮಾಡುವವರು, ದೂರದೇಶದ ವಿಮಾನ ಪ್ರಯಾಣ ಮಾಡಿದವರು ಮುಂತಾಗಿ ಗಡಿಯಾರವೇ ಜಾರಿದವರಿಗೆ ಇದು ಕೆಲವು ಸಲ ಉಪಯೋಗಕ್ಕೆ ಬರುತ್ತದೆ. ನೋವಿನಿಂದ ನಡುರಾತ್ರಿ ಎಚ್ಚರಾಗುವವರ ತೊಂದರೆ ಬೇರೆ. ಕೆಲವು ಸಣ್ಣ ಪ್ರಯೋಗಗಳಲ್ಲಿ ಮೆಲಟೋನಿನ್ ನೋವನ್ನೂ ತುಸು ಕಡಿಮೆ ಮಾಡಿದೆ. ಆದರೆ ಅದನ್ನೇ ನಂಬಿ ಕೂರುವಷ್ಟು ಗಟ್ಟಿ ಆಧಾರ ಇನ್ನೂ ದೊರೆತಿಲ್ಲ. ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ದೊಡ್ಡವರ ನಿದ್ರಾಹೀನತೆಗೆ ಮೆಲಟೋನಿನ್ ಮತ್ತು ವಲೇರಿಯನ್ ಬೇರನ್ನು ಬಳಸದಿರುವುದೇ ಒಳ್ಳೆಯದು ಎಂದು ಸೂಚಿಸಿತು.

ಮೆಗ್ನೀಸಿಯಂ ಗುಳಿಗೆಯದೂ ಇಂಥದೇ ಕಥೆ. 2021ರ ಒಂದು ವಿಶ್ಲೇಷಣೆಯಲ್ಲಿ ಸಿಕ್ಕ ಪ್ರಯೋಗಗಳು ಮೂರೇ. ಅವುಗಳಲ್ಲಿದ್ದ ವೃದ್ಧರು 151. ನಿದ್ದೆ ಸುಮಾರು 17 ನಿಮಿಷ ಬೇಗ ಬಂದಂತೆ ಕಂಡರೂ ಪ್ರಯೋಗಗಳ ಗುಣಮಟ್ಟ ಕಡಿಮೆ ಇತ್ತು. ಮೂತ್ರಪಿಂಡ ದುರ್ಬಲವಾದವರಿಗೆ ಮೆಗ್ನೀಸಿಯಂ ದೇಹದಲ್ಲಿ ಉಳಿದು ಅಪಾಯ ಮಾಡಬಹುದು. ನೋವಿನ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿದವರ ಮೂತ್ರಪಿಂಡವನ್ನು ಮೊದಲೇ ಪರೀಕ್ಷಿಸಬೇಕಾಗುತ್ತದೆ.

ನಮ್ಮ ಅಶ್ವಗಂಧದ ಸಂಗತಿಯೇನು? ಇದರ ಸಸ್ಯಶಾಸ್ತ್ರೀಯ ಹೆಸರು ವಿಥಾನಿಯ ಸೋಮ್ನಿಫೆರ. ಎರಡನೆಯ ಪದಕ್ಕೆ ‘ನಿದ್ದೆ ತರುವಂಥದ್ದು’ ಎಂದೇ ಅರ್ಥ. 2021ರಲ್ಲಿ 5 ಪ್ರಯೋಗಗಳ 400 ಜನರನ್ನು ಒಟ್ಟಿಗೆ ನೋಡಿದಾಗ ನಿದ್ದೆಗೆ ಸ್ವಲ್ಪ ಪ್ರಯೋಜನ ಕಂಡಿತು. ಆದರೆ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದ ವರದಿಗಳೂ ಇವೆ. ಥೈರಾಯಿಡ್ ಗುಳಿಗೆ ನುಂಗುವವರು, ಗರ್ಭಿಣಿಯರು ಇದನ್ನು ತಾವಾಗಿಯೇ ತೆಗೆದುಕೊಳ್ಳಬಾರದು. ರಾತ್ರಿ ಹಾಲಿಗೆ ಹಾಕುವ ಜಾಜಿಕಾಯಿಯನ್ನೂ ಚಿಟಿಕೆಯಲ್ಲಿ ಬಳಸಬೇಕು. ಹೆಚ್ಚಾದರೆ ಅದು ವಿಷ.

‘ನೈಸರ್ಗಿಕ’ ಎಂದರೆ ಸುರಕ್ಷಿತವೇ?

ಮೆಲಟೋನಿನ್ ಬ್ರಿಟನ್ನಿನಲ್ಲಿ ವೈದ್ಯರ ಚೀಟಿ ಇಲ್ಲದೆ ಸಿಗುವುದಿಲ್ಲ. ಅಮೆರಿಕದಲ್ಲಿ 1994ರ ಕಾಯ್ದೆಯ ಪ್ರಕಾರ ಅದು ಆಹಾರ ಪೂರಕ; ದಿನಸಿಯ ಹಾಗೆ ಕೊಳ್ಳಬಹುದು. ಒಂದೇ ಹಾರ್ಮೋನು ಒಂದು ದೇಶದಲ್ಲಿ ಔಷಧಿ, ಇನ್ನೊಂದರಲ್ಲಿ ಆಹಾರ! ಔಷಧಿಗೆ ಇರುವಷ್ಟು ಕಟ್ಟುನಿಟ್ಟಿನ ಪರೀಕ್ಷೆ ಪೂರಕಕ್ಕೆ ಇರುವುದಿಲ್ಲ. ಕೆನಡಾದಲ್ಲಿ 31 ಮೆಲಟೋನಿನ್ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ, 8ರಲ್ಲಿ ಲೇಬಲ್ಲಿನಲ್ಲಿ ಹೇಳದ ಸೆರೊಟೊನಿನ್ ಸಿಕ್ಕಿತು. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಮೆಲಟೋನಿನ್ ಜೆಲ್ಲಿ ಮಿಠಾಯಿಗಳನ್ನು ಪರೀಕ್ಷಿಸಿದರು. 22ರಲ್ಲಿ ಇದ್ದ ಪ್ರಮಾಣ ಲೇಬಲ್ಲಿಗೆ ಹೊಂದಲಿಲ್ಲ. ಒಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ಮೆಲಟೋನಿನ್ ಜೊತೆಗೆ ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಭಯ ಹೆಚ್ಚು. ಬೇರೆ ನಿದ್ದೆ ಮಾತ್ರೆ ಜೊತೆಗಿದ್ದರೆ ಮಂಪರು ಹೆಚ್ಚು.

ಊರೂರು ಸುತ್ತಿ ಮಾರುವ ಹೆಸರಿಲ್ಲದ ಕೀಲುನೋವಿನ ಪುಡಿಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಔಷಧಿಯನ್ನು ಗುಟ್ಟಾಗಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಪತ್ತೆಯಾಗಿದೆ. ಸ್ಟೀರಾಯ್ಡ್ ನೋವನ್ನು ಮಾಯದಂತೆ ಇಳಿಸುತ್ತದೆ; ಜೊತೆಗೆ ಸಕ್ಕರೆ ಕಾಯಿಲೆಯನ್ನು ಏರಿಸುತ್ತದೆ, ಎಲುಬನ್ನು ಸವೆಸುತ್ತದೆ, ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತದೆ. ಎಂದರೆ ನೋವಿಗೆ ತಂದ ಪುಡಿಯೇ ನಿದ್ದೆಯ ಕಳ್ಳನಾಗಿರಬಹುದು. ಬಹಳ ದಿನ ತೆಗೆದುಕೊಂಡ ಪುಡಿಯನ್ನು ಒಮ್ಮೆಲೇ ಬಿಡುವುದೂ ಅಪಾಯ. ಅದನ್ನು ವೈದ್ಯರಿಗೆ ತೋರಿಸಿಯೇ ಬಿಡಿಸಬೇಕು.

ಅಲ್ಪ್ರಜೋಲಾಮ್, ಡಯಜೆಪಾಮ್, ಜೋಲ್ಪಿಡೆಮ್ ಮುಂತಾದ ನಿದ್ದೆ ಮಾತ್ರೆಗಳು, ನೋವಿನ ಟ್ರಮಡಾಲ್ ಕೂಡ, ಔಷಧಿ ನಿಯಮಗಳ ಎಚ್1 ಪಟ್ಟಿಯಲ್ಲಿವೆ. ಈ ನಿಯಮ 2014ರ ಮಾರ್ಚ್ 1ರಿಂದ ಜಾರಿಗೆ ಬಂತು. ಇವುಗಳ ಲೇಬಲ್ಲಿನ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇರುತ್ತದೆ; ವೈದ್ಯರ ಚೀಟಿ ನೋಡಿ ಅಂಗಡಿಯವರು ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ನಿದ್ದೆ ಮಾತ್ರೆಯನ್ನು ಟ್ರಮಡಾಲಿನಂಥ ನೋವಿನ ಮಾತ್ರೆಯ ಜೊತೆಗೋ ಸಾರಾಯಿಯ ಜೊತೆಗೋ ತೆಗೆದುಕೊಂಡರೆ ಉಸಿರಾಟವೇ ಕುಗ್ಗಬಹುದು. ಬಹುಕಾಲ ನುಂಗಿದವರು ಒಮ್ಮೆಲೇ ನಿಲ್ಲಿಸಿದರೆ ಮೂರ್ಛೆ ಬರಬಹುದು. ಆದುದರಿಂದ ಈ ಲೇಖನ ಓದಿ ಅಜ್ಜಿಯ ಗುಳಿಗೆಯನ್ನು ಯಾರೂ ಕಿತ್ತೆಸೆಯಬೇಡಿ.

ಹಾಗಾದರೆ ಏನು ಮಾಡಬೇಕು?

ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಇದಕ್ಕೆ ಮೊದಲ ಚಿಕಿತ್ಸೆ ಗುಳಿಗೆಯಲ್ಲ. ಅರಿವು ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆಯನ್ನೇ ಮೊದಲು ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಹೇಳಿತು; ಯುರೋಪಿನ ಮಾರ್ಗಸೂಚಿ 2017ರಲ್ಲಿ ಅದನ್ನೇ ಹೇಳಿತು. ನೋವಿರುವವರಲ್ಲೂ ಇದು ನಿದ್ದೆಯನ್ನು ಸುಧಾರಿಸುತ್ತದೆ. ಇದರ ಮುಖ್ಯ ಅಂಶಗಳು ಸರಳವಾಗಿವೆ.

ಒಂದು: ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗಬೇಕು. ಬಹಳ ಹೊತ್ತು ನಿದ್ದೆ ಬಾರದಿದ್ದರೆ ಎದ್ದು ಕುಳಿತು, ಕಣ್ಣು ಎಳೆದಾಗ ಮತ್ತೆ ಮಲಗಬೇಕು. ಹಾಸಿಗೆ ಎಂದರೆ ಹೊರಳಾಡುವ ಜಾಗ ಎಂದು ಮಿದುಳು ಕಲಿತುಬಿಟ್ಟಿರುತ್ತದೆ. ಆ ಪಾಠವನ್ನು ಮರೆಸಬೇಕು.

ಎರಡು: ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು, ಅಂಗಳದ ಬಿಸಿಲಿಗೆ ಬರಬೇಕು.

ಮೂರು: ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ನಿಜವಾದ ನಿದ್ದೆಯ ಹೊತ್ತಿಗೆ ಹತ್ತಿರ ತರಬೇಕು. ನಮ್ಮ ಅವ್ವ ರಾತ್ರಿ ಎಂಟಕ್ಕೇ ಮಲಗುತ್ತಿದ್ದಳು, ಐದಕ್ಕೆ ಏಳುತ್ತಿದ್ದಳು. ಒಂಬತ್ತು ಗಂಟೆಯಲ್ಲಿ ನಿದ್ದೆ ಐದೂವರೆ ಗಂಟೆ. ಉಳಿದ ಮೂರೂವರೆ ಗಂಟೆ ಕತ್ತಲಲ್ಲಿ ಅವಳೂ ಅವಳ ಮೊಣಕಾಲೂ! ವೈದ್ಯರು ಮಲಗುವ ಹೊತ್ತನ್ನು ಸ್ವಲ್ಪ ಸ್ವಲ್ಪವಾಗಿ ಹತ್ತು ಗಂಟೆಗೆ ತಂದರು. ಮೂರ್ಛೆರೋಗ ಇರುವವರು, ಮನಸ್ಸಿನ ಏರಿಳಿತದ ಕಾಯಿಲೆ ಇರುವವರು, ವಾಹನ ಓಡಿಸುವವರು ಇದನ್ನು ವೈದ್ಯರ ಸಲಹೆ ಇಲ್ಲದೆ ಮಾಡಬಾರದು.

ನಾಲ್ಕು: ನೋವಿಗೆ ಪ್ರತ್ಯೇಕ ಚಿಕಿತ್ಸೆ ಬೇಕು. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಸವೆದ ಮೊಣಕಾಲಿನ ನೋವನ್ನು ಕಡಿಮೆ ಮಾಡುತ್ತದೆ. ಮಲಗುವ ಮುಂಚೆ ಬಿಸಿನೀರಿನ ಶಾಖ, ಮಗ್ಗುಲಾಗಿ ಮಲಗಿದಾಗ ಮೊಣಕಾಲುಗಳ ನಡುವೆ ಒಂದು ದಿಂಬು, ಇವು ಖರ್ಚಿಲ್ಲದ ಉಪಾಯಗಳು. ರಾತ್ರಿ ಕಾಲು ಸುಮ್ಮನಿಡಲಾಗದೆ ಒದರಾಡುವವರಿಗೆ ಕಬ್ಬಿಣಾಂಶದ ಕೊರತೆ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಅಂಥವರಿಗೆ ಬೇಕಾದದ್ದು ನಿದ್ದೆಯ ಗುಳಿಗೆಯಲ್ಲ, ರಕ್ತಪರೀಕ್ಷೆ.

ನೋವಿನ ಜೊತೆ ಜ್ವರ, ತೂಕ ಇಳಿಯುವುದು, ಕಾಲಿನ ಬಲ ಕುಗ್ಗುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು ಕಂಡರೆ ಒಂದು ದಿನವೂ ತಡ ಮಾಡಬಾರದು. ಗೊರಕೆಯ ನಡುವೆ ಉಸಿರು ನಿಲ್ಲುವವರಿಗೆ ನಿದ್ದೆ ಮಾತ್ರೆ ಅಪಾಯಕಾರಿ. ಬದುಕೇ ಬೇಡವೆನಿಸುವ ಬೇಸರ ಕಾಡುತ್ತಿದ್ದರೆ ಅದನ್ನು ಹೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ತಂದರು. ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ‘ಬಳ್ಳಾರಿ ಮಾದರಿ’ಯಾಯಿತು. 2022ರಲ್ಲಿ ಆರಂಭವಾದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನೀವು ಮಾಡಬಹುದಾದ ಮೂರು ಕೆಲಸ

ಮೊದಲನೆಯದು, ಚೀಲದ ಪರೀಕ್ಷೆ. ಮನೆಯ ಹಿರಿಯರು ನುಂಗುವ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ. ಹೆಸರು, ಪ್ರಮಾಣ, ಹೊತ್ತು ಬರೆದು ಪಟ್ಟಿ ಮಾಡಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಚೀಲ, ಪಟ್ಟಿ ಎರಡೂ ಜೊತೆಗಿರಲಿ.

ಎರಡನೆಯದು, ನಿದ್ದೆಯ ದಿನಚರಿ. ನೋಟುಬುಕ್ಕಿನಲ್ಲಿ 14 ದಿನ ಬರೆಯಿರಿ: ಮಲಗಿದ್ದು ಯಾವಾಗ, ನಿದ್ದೆ ಬಂದದ್ದು ಯಾವಾಗ, ಎಷ್ಟು ಸಲ ಎಚ್ಚರ, ಎದ್ದದ್ದು ಯಾವಾಗ, ಕೊನೆಯ ಚಹಾ ಯಾವಾಗ, ನೋವು ಹತ್ತರಲ್ಲಿ ಎಷ್ಟು. ನಿದ್ದೆಯ ನಿಮಿಷಗಳನ್ನು ಹಾಸಿಗೆಯ ನಿಮಿಷಗಳಿಂದ ಭಾಗಿಸಿ ನೂರರಿಂದ ಗುಣಿಸಿ. 480 ನಿಮಿಷ ಹಾಸಿಗೆಯಲ್ಲಿದ್ದು 300 ನಿಮಿಷ ಮಲಗಿದರೆ ಶೇಕಡಾ 62.5. ಶೇಕಡಾ 85ರ ಹತ್ತಿರ ಬಂದರೆ ಚೆನ್ನ.

ಮೂರನೆಯದು, ನೀರಿನ ಪರೀಕ್ಷೆ. ಗ್ರಾಮ ಪಂಚಾಯತಿಯಲ್ಲಿ ನೀರು ಪರೀಕ್ಷಿಸುವ ಪೆಟ್ಟಿಗೆ ಇರುತ್ತದೆ. ನಿಮ್ಮ ವಿಜ್ಞಾನ ಶಿಕ್ಷಕರ ಜೊತೆ ಹೋಗಿ ನಿಮ್ಮ ಕೊಳವೆಬಾವಿಯ ಫ್ಲೋರೈಡ್ ಎಷ್ಟು ಎಂದು ಕೇಳಿ. ಹೆಚ್ಚಿದ್ದರೆ ನದಿ ನೀರನ್ನೋ ಶುದ್ಧ ನೀರಿನ ಘಟಕದ ನೀರನ್ನೋ ಕುಡಿಯಲು ಮಾತ್ರವಲ್ಲ, ಅಡುಗೆಗೂ ಚಹಾಕ್ಕೂ ಬಳಸಿ. ಗದ್ದವನ್ನು ಎದೆಗೆ ಮುಟ್ಟಿಸುವುದು, ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಕೈ ಚಾಚಿ ಮಡಚಿ ತಲೆಯ ಹಿಂಬದಿ ಮುಟ್ಟುವುದು — ಈ ಮೂರು ಕಷ್ಟವಾದ ಹಿರಿಯರನ್ನು ವೈದ್ಯರಿಗೆ ತೋರಿಸಿ. ವಯಸ್ಸಿನಿಂದಲೂ ಹೀಗಾಗಬಹುದು, ಫ್ಲೋರೋಸಿಸ್ ಹೌದೇ ಅಲ್ಲವೇ ಎಂದು ಹೇಳಬೇಕಾದವರು ಅವರೇ.

ನಮ್ಮ ಅವ್ವನ ಸುದ್ದಿ ಹೇಳಿ ಮುಗಿಸುತ್ತೇನೆ. ಊರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿತ್ತು. ನೀರು ಬದಲಾಯಿತು. ಪುಡಿಯನ್ನೂ ಅಲ್ಪ್ರಜೋಲಾಮನ್ನೂ ವೈದ್ಯರು ತಿಂಗಳುಗಟ್ಟಲೆ ಹಂತ ಹಂತವಾಗಿ ಇಳಿಸಿ ನಿಲ್ಲಿಸಿದರು. ನನ್ನ ಡಬ್ಬಿ ಅರ್ಧಕ್ಕೇ ಉಳಿಯಿತು. ಮೊಣಕಾಲು ಇಂದಿಗೂ ನೋಯುತ್ತದೆ. ಆದರೆ ಈಗ ರಾತ್ರಿ ನಾಲ್ಕು ಸಲದ ಬದಲು ಒಂದು ಸಲ ಎದ್ದು, ಮತ್ತೆ ಮಲಗುತ್ತಾಳೆ. ‘ನೀ ಕೊಟ್ಟ ಗುಳಗಿಗಿಂತಾ ನೀ ಕುಂತು ಕೇಳಿದ್ದ ಛಲೋ ಆತು’ ಎನ್ನುತ್ತಾಳೆ.

ನಿಮ್ಮ ಅಜ್ಜಿಗೂ ಡಬ್ಬಿ ತರುವ ಮುಂಚೆ ಒಂದು ಸಂಜೆ ಪಕ್ಕದಲ್ಲಿ ಕುಳಿತು ಕೇಳಿ: ನೋವು ಎಲ್ಲಿ, ಯಾವಾಗಿನಿಂದ, ಏನೇನು ನುಂಗುತ್ತೀ, ಎಲ್ಲಿಯ ನೀರು ಕುಡಿಯುತ್ತೀ? ಉತ್ತರಗಳನ್ನು ಬರೆದುಕೊಳ್ಳಿ. ಚಿಕಿತ್ಸೆ ಅಲ್ಲಿಂದಲೇ ಆರಂಭವಾಗುತ್ತದೆ.